ಅಂಗಿಯ ಬೆಲೆ, ಅಂಗಡಿಯ ಬೆಲೆ

ಪ್ರಶ್ನೆ: ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಎಂಟನೇ ತರಗತಿ, ಚಿಕ್ಕವನು ಐದನೇ ತರಗತಿ. ಇಬ್ಬರೂ ರಾಜ್ಯ ಪಠ್ಯಕ್ರಮದ ಒಂದೇ ಖಾಸಗಿ ಶಾಲೆಗೆ ಹೋಗುತ್ತಾರೆ. ದೊಡ್ಡವನ ಬಟ್ಟೆ ಚಿಕ್ಕವನಿಗಾಗುತ್ತದೆ ಎಂದು ಜೋಪಾನವಾಗಿ ಎತ್ತಿಟ್ಟಿದ್ದೆ. ಈ ವರ್ಷ ಶಾಲೆಯವರು ಬಣ್ಣವನ್ನೇ ಬದಲಾಯಿಸಿದರು. ಅವರು ಹೇಳಿದ ಅಂಗಡಿಯಲ್ಲೇ ತೆಗೆದುಕೊಳ್ಳಬೇಕಂತೆ. ಇಬ್ಬರಿಗೂ ಸೇರಿ ಆದ ಖರ್ಚು ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ತಿರ ಬಂತು. ಇದಕ್ಕಿಂತ ಕಲರ್ ಡ್ರೆಸ್‌ನಲ್ಲೇ ಕಳಿಸಿದರೆ ಖರ್ಚು ಕಡಿಮೆಯಾಗುವುದಿಲ್ಲವೆ? ಸಮವಸ್ತ್ರದಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಉಪಯೋಗ ಇದೆಯೆ? ಕೊನೆಗೊಂದು ಮನೆಮಟ್ಟದ ಪ್ರಶ್ನೆ: ಒಂದು ಮಗುವಿಗೆ ಎಷ್ಟು ಜೊತೆ ಸಾಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆ ಕೊನೆಗೇ ಇರಲಿ. ಮೊದಲಿನದಕ್ಕೆ ನೇರವಾಗಿ ಹೇಳುತ್ತೇನೆ: ಕಲರ್ ಡ್ರೆಸ್‌ನಲ್ಲಿ ಕಳಿಸಿದರೆ ನಿಮ್ಮ ಖರ್ಚು ಇಳಿಯುವುದಿಲ್ಲ, ಬಹುಮಟ್ಟಿಗೆ ಏರುತ್ತದೆ. ಹಾಗೆಂದು ಈ ವರ್ಷ ನೀವು ತೆತ್ತ ದುಡ್ಡು ನ್ಯಾಯದ್ದು ಎಂದು ನಾನು ಹೇಳಲಾರೆ. ಶಾಲೆಯ ಅಂಗಿ, ಚಡ್ಡಿ ಅಗ್ಗದಲ್ಲೇ ಆಗುವ ಸಾಮಾನು. ಇಂಥ ಅಂಗಡಿಯಲ್ಲೇ, ಇಂಥ ತಿಂಗಳಲ್ಲೇ, ಇಷ್ಟು ಬಗೆಯದ್ದು ಕೊಳ್ಳಲೇಬೇಕು ಎಂದಾಗ ಅದರ ಮೇಲೆ ಇನ್ನೊಂದು ಬೆಲೆ ಬಂದು ಕೂರುತ್ತದೆ. ನಿಮ್ಮ ತಕರಾರು ಇರಬೇಕಾದದ್ದು ಆ ಎರಡನೆಯ ಬೆಲೆಯ ಮೇಲೆ.

ಸಣ್ಣ ಲೆಕ್ಕ ಹಾಕಿ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. ಸರ್ಕಾರಿ ಶಾಲೆಯ ಮಗುವಿನ ಎರಡು ಜೊತೆ ಸಮವಸ್ತ್ರಕ್ಕೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆ ವರ್ಷಕ್ಕೆ ₹600 ಎಂದು ಗೊತ್ತುಮಾಡಿದೆ. 2018ರಲ್ಲಿ ಈ ಯೋಜನೆ ಬರುವ ಮೊದಲು ಅದು ₹400 ಇತ್ತು. ₹600ನ್ನು 220 ದಿನಕ್ಕೆ ಹಂಚಿದರೆ ದಿನಕ್ಕೆ ಎರಡೂ ಮುಕ್ಕಾಲು ರೂಪಾಯಿಯೂ ಆಗುವುದಿಲ್ಲ.

ಆ ದುಡ್ಡಿಗೆ ಎರಡು ಜೊತೆ ಎಲ್ಲಿ ಬರುತ್ತದೆ ಎಂದು ನೀವು ನಕ್ಕರೆ ತಪ್ಪಿಲ್ಲ. ಎಂಟನೇ ತರಗತಿ ಹುಡುಗನ ಉದ್ದದ ಪ್ಯಾಂಟು ಹೊಲಿಸಿದ ಯಾರಿಗಾದರೂ ಅದು ಗೊತ್ತು. ಸರಿ, ಮೂರು ಪಟ್ಟು ಮಾಡಿ, ₹1,800 ಎಂದಿಟ್ಟುಕೊಳ್ಳಿ. ಆಗಲೂ ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ವರ್ಷದ 220 ದಿನ ಮೈಮೇಲಿರುವ ಬಟ್ಟೆಗೆ ಇದು ಹೆಚ್ಚಲ್ಲ.

ಇನ್ನು ಅದೇ ಎರಡು ಅಂಗಿಯನ್ನು ಕಲರ್ ಡ್ರೆಸ್ ಎಂದುಕೊಂಡು ವರ್ಷಪೂರ್ತಿ ಹಾಕಿಕೊಂಡು ಹೋಗು ಅಂದರೆ ನಿಮ್ಮ ದೊಡ್ಡ ಮಗ ಒಪ್ಪುತ್ತಾನೆಯೆ? ನಿನ್ನೆಯದನ್ನೇ ಇವತ್ತೂ ಹಾಕಿದ್ದಾನೆ ಅಂತ ಯಾರೂ ಆಡಿಕೊಳ್ಳದ ಬಟ್ಟೆ ಒಂದೇ ಒಂದು, ಅದು ಸಮವಸ್ತ್ರ. ಕಲರ್ ಡ್ರೆಸ್ ಆದರೆ ಐದಾರು ಅಂಗಿ ಬೇಕು, ಅವು ಒಂದಕ್ಕೊಂದು ಹೊಂದಬೇಕು, ಹಬ್ಬಕ್ಕೆ ತಂದ ಹೊಸದು ಹಬ್ಬ ಕಳೆದ ವಾರಕ್ಕೆ ಶಾಲೆಯ ಬೆಂಚಿಗೆ ತಿಕ್ಕಿ ಹಳತಾಗುತ್ತದೆ. ಬೆಳಿಗ್ಗೆ ಏಳೂವರೆಗೆ ತಿಂಡಿ, ನೀರಿನ ಬಾಟಲಿ, ಹೋಂವರ್ಕ್‌ಗಳ ನಡುವೆ ಯಾವ ಅಂಗಿ ಎಂಬ ರಂಪವನ್ನೂ ಸೇರಿಸಿಕೊಳ್ಳಬೇಕು. ಹೆಣ್ಣುಮಕ್ಕಳಿರುವ ಮನೆಯವರನ್ನು ಕೇಳಿದರೆ ಇದನ್ನು ಇನ್ನೂ ವಿವರವಾಗಿ ಹೇಳಿಯಾರು. ಹುಟ್ಟುಹಬ್ಬದ ದಿನ ಕಲರ್ ಡ್ರೆಸ್‌ಗೆ ಅನುಮತಿ ಇರುವ ಶಾಲೆಗಳಲ್ಲಿ ಆ ಒಂದು ದಿನಕ್ಕಾಗಿ ನಡೆಯುವ ತಯಾರಿಯನ್ನು 220ರಿಂದ ಗುಣಿಸಿ ನೋಡಿ.

ಹಾಗಾದರೆ ನಿಮ್ಮ ಒಂದು ತಿಂಗಳ ಸಂಬಳ ಎಲ್ಲಿ ಹೋಯಿತು?

ಮೊದಲನೆಯದಾಗಿ ಬಟ್ಟೆಯಲ್ಲೇ ಒಂದು ಗುಟ್ಟಿದೆ. ನಿಮ್ಮೂರು ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದದ್ದು, ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಹೇಳುತ್ತಾರೆ. ಒಂದೇ ಬಣ್ಣದ ಬಟ್ಟೆಯನ್ನು ಸಾಮಾನ್ಯವಾಗಿ ಮೊದಲು ನೇಯ್ದು ಆಮೇಲೆ ಬಣ್ಣಕ್ಕೆ ಹಾಕುತ್ತಾರೆ. ನೇವಿ ಬ್ಲೂ, ಬೂದು, ಖಾಕಿ, ಬಿಳಿ ಇವು ಯಾವ ಊರಿನ ಯಾವ ಬಟ್ಟೆ ಅಂಗಡಿಗೆ ಹೋದರೂ ಥಾನುಗಟ್ಟಲೆ ಸಿಗುತ್ತವೆ. ಚೆಕ್ಸ್ ಹಾಗಲ್ಲ. ನೂಲಿಗೇ ಮೊದಲು ಬಣ್ಣ ಹಾಕಿ, ಹಾಸು ಹೊಕ್ಕುಗಳ ಎಳೆಗಳನ್ನು ಲೆಕ್ಕದಲ್ಲಿ ಜೋಡಿಸಿ ನೇಯಬೇಕು. ಮೆರೂನ್ ನೆಲದ ಮೇಲೆ ಹಳದಿ ಗೆರೆ, ಅದರ ಪಕ್ಕ ಸಣ್ಣದೊಂದು ಬಿಳಿ ಗೆರೆ ಎಂದು ಒಂದು ಶಾಲೆ ತನಗೇ ಮೀಸಲಾದ ಚೆಕ್ಸ್ ಬಯಸಿದರೆ ಅಷ್ಟನ್ನೂ ಒಂದೇ ಸಲಕ್ಕೆ ದೊಡ್ಡ ಪ್ರಮಾಣದಲ್ಲಿ ನೇಯಿಸಬೇಕಾಗುತ್ತದೆ. ಆ ಥಾನುಗಳು ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ಕೂರುತ್ತವೆ. ಅವನ ಬಂಡವಾಳ ವರ್ಷವಿಡೀ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಶಾಲೆ ಮನಸ್ಸು ಬದಲಾಯಿಸಿದರೆ ಉಳಿದದ್ದು ಅವನ ತಲೆಗೇ ಸುತ್ತಿಕೊಳ್ಳುತ್ತದೆ. ಆ ನಷ್ಟದ ಭಯವನ್ನೂ ಅವನು ಬೆಲೆಯಲ್ಲಿ ಮೊದಲೇ ಸೇರಿಸಿರುತ್ತಾನೆ. ವ್ಯಾಪಾರಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವನು ವ್ಯಾಪಾರ ಮಾಡುತ್ತಿದ್ದಾನೆ. ಮೂರನೇ ಬೀದಿಯ ಅಂಗಡಿಯಲ್ಲಿ ಸಿಗುವ ಬಣ್ಣ ಸಾಲದು, ತಮಗೇ ಬೇರೆ ಗೆರೆ ಬೇಕು ಎಂದವರು ಶಾಲೆಯವರು. ಆ ಏರ್ಪಾಟಿನಲ್ಲಿ ಶಾಲೆಗೂ ಒಂದು ಪಾಲು ಇದ್ದರಂತೂ ಅದು ಇನ್ನೊಂದು ಹೆಸರಿನ ಫೀಸು.

ಲೋಗೋ ವಿಷಯವೂ ಹೀಗೆಯೇ. ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಜೇಬಿನ ಮೇಲೆ ದೀಪವನ್ನೋ ಪುಸ್ತಕವನ್ನೋ ಹೊಲಿಯುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಆದರೆ ಆ ಅಂಗೈಯಗಲದ ಚಿತ್ರ ಪಕ್ಕದ ಅಂಗಡಿಯವನನ್ನು ಹೊರಗಿಡುತ್ತದೆ. ಚಿತ್ರವಿಲ್ಲದ ಬಿಳಿ ಅಂಗಿ ಎಲ್ಲಿ ಬೇಕಾದರೂ ಸಿಗುವ ಬಿಳಿ ಅಂಗಿ. ಚಿತ್ರ ಬಿದ್ದ ಕೂಡಲೇ ಅದಕ್ಕೆ ಒಬ್ಬನೇ ಮಾರಾಟಗಾರ, ಅವನು ಹೇಳಿದ್ದೇ ಬೆಲೆ. ಲೋಗೋವನ್ನು ಬಿಡಿ ಬ್ಯಾಡ್ಜ್ ಮಾಡಿ ಕೊಟ್ಟು, ಮನೆಯಲ್ಲೇ ಹೊಲಿದುಕೊಳ್ಳಿ ಎಂದರೆ ಶಾಲೆಯ ಗುರುತೂ ಉಳಿಯಿತು, ಪಾಲಕರ ಜೇಬೂ ಉಳಿಯಿತು.

ಮೂರನೆಯದು ಬಗೆಗಳ ಸಂಖ್ಯೆ. ಸೋಮವಾರ ಮಂಗಳವಾರಕ್ಕೆ ಮಾಮೂಲಿನದು, ಬುಧವಾರಕ್ಕೆ ಹೌಸ್ ಟೀ-ಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟು, ಶನಿವಾರಕ್ಕೆ ಅಚ್ಚ ಬಿಳಿ, ಅದಕ್ಕೆ ಬಿಳಿ ಕ್ಯಾನ್ವಾಸ್ ಶೂ, ಉಳಿದ ದಿನಕ್ಕೆ ಕರಿ ಶೂ, ಟೈ, ಬೆಲ್ಟ್, ಚಳಿಗಾಲಕ್ಕೆ ಶಾಲೆಯ ಬಣ್ಣದ್ದೇ ಸ್ವೆಟರ್. ಹೋದ ವರ್ಷ ಕೆಂಪು ಹೌಸ್‌ನಲ್ಲಿದ್ದ ಹುಡುಗನನ್ನು ಈ ವರ್ಷ ಹಸಿರಿಗೆ ಹಾಕಿದರೆ ಮೈಗೆ ಸರಿಯಾಗಿರುವ ಟೀ-ಶರ್ಟ್ ಮೂಲೆಗೆ. ವಾರಕ್ಕೊಂದೇ ದಿನ ಹಾಕುವ ಬಟ್ಟೆ ಹರಿಯುವುದಿಲ್ಲ, ಮಗು ಬೆಳೆದು ಅದು ಗಿಡ್ಡವಾಗುತ್ತದೆ. ಶನಿವಾರದ ಬಿಳಿ ಬಟ್ಟೆ ವರ್ಷಕ್ಕೆ ಹೆಚ್ಚೆಂದರೆ ನಲವತ್ತು ಸಲ ಮೈಮೇಲೆ ಬಂದೀತು. ಮೇಲಿನ ಲೆಕ್ಕವನ್ನು ಅದಕ್ಕೆ ಹಾಕಿ ನೋಡಿದರೆ ಅಂಗಿಯೊಂದರ ದಿನದ ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಟೈ ಬಗ್ಗೆ ಹೇಳದೇ ಬಿಡಲಾರೆ: ಮೇ ಕೊನೆಗೆ ಶಾಲೆ ತೆರೆಯುವಾಗ ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಏಳು ವರ್ಷದ ಮಗುವಿನ ಕೊರಳಿಗೆ ಪಾಲಿಯೆಸ್ಟರ್ ಟೈ ಬಿಗಿದು ನಿಲ್ಲಿಸುವುದರಲ್ಲಿ ಯಾವ ಶಿಸ್ತಿದೆಯೋ ನನಗಂತೂ ಅರ್ಥವಾಗಿಲ್ಲ.

ನಾಲ್ಕನೆಯದು ಹೊಲಿಗೆ. ಟೈಲರ್ ಹತ್ತಿರ ಪ್ಯಾಂಟು ಹೊಲಿಸುವಾಗ ಹೇಳದಿದ್ದರೂ ಅವರು ಕೆಳಗೆ ಎರಡು ಮೂರು ಇಂಚು ಬಟ್ಟೆ ಒಳಕ್ಕೆ ಮಡಚಿ ಹೆಮ್ಮಿಂಗ್ ಮಾಡುತ್ತಾರೆ, ಸೊಂಟದ ಹಿಂಭಾಗದ ಹೊಲಿಗೆಯೊಳಗೂ ಒಂದಿಷ್ಟು ಬಿಟ್ಟಿರುತ್ತಾರೆ. ದಸರಾ ರಜೆಯಲ್ಲಿ ಒಂದು ಮಡಿಕೆ, ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಬಿಚ್ಚಿದರೆ ಅದೇ ಪ್ಯಾಂಟು ಎರಡು ವರ್ಷ ಬರುತ್ತದೆ. ಶಾಲೆ ಗೊತ್ತುಮಾಡಿದ ಅಂಗಡಿಯ ರೆಡಿಮೇಡ್ ಪ್ಯಾಂಟನ್ನು ತಿರುಗಿಸಿ ಅದರ ಒಳಹೊಲಿಗೆ ನೋಡಿ. ಹೆಚ್ಚಿನವುಗಳಲ್ಲಿ ಅರ್ಧ ಇಂಚು ಬಟ್ಟೆ, ಅದರಂಚಿಗೆ ಓವರ್‌ಲಾಕ್, ಅಲ್ಲಿಗೆ ಮುಗಿಯಿತು. ಹುಡುಗ ಉದ್ದವಾದರೆ ಹೊಸದೇ ಗತಿ. ಬೆಲೆ ಹೋಲಿಸುವಾಗ ನಾವು ಚೀಟಿಯಲ್ಲಿರುವ ಅಂಕಿ ನೋಡುತ್ತೇವೆ, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ನೋಡುವುದಿಲ್ಲ.

ಬಿಲ್ಲನ್ನು ಮಾತ್ರ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ₹2,500ವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5 ಮಾತ್ರ. ಅದಕ್ಕೂ ಮೊದಲು ಸಾವಿರ ದಾಟಿದ ಉಡುಪಿಗೆ ಶೇ 12 ಇತ್ತು. ಹಳೆಯ ದರವನ್ನೇ ಹಾಕಿದ ಚೀಟಿಯನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಈಗ ಬಣ್ಣ ಬದಲಾದ ವಿಷಯ. ಇಲ್ಲಿ ಕಾನೂನು ನಿಮ್ಮ ಕಡೆಗಿದೆ, ಆದರೆ ಅದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ಮಾಡಿದ ನಿಯಮಾವಳಿಯ 11ನೇ ನಿಯಮ ಸಮವಸ್ತ್ರ, ಪಠ್ಯಪುಸ್ತಕಗಳದ್ದು. ಮಾನ್ಯತೆ ಪಡೆದ ಸಂಸ್ಥೆ ತನ್ನದೇ ಸಮವಸ್ತ್ರ ಗೊತ್ತುಮಾಡಿಕೊಳ್ಳಬಹುದು, ಒಮ್ಮೆ ಗೊತ್ತುಮಾಡಿದ ಮೇಲೆ ಐದು ವರ್ಷ ಬದಲಾಯಿಸುವಂತಿಲ್ಲ, ಬದಲಾಯಿಸಬೇಕೆಂದಿದ್ದರೆ ಕನಿಷ್ಠ ಒಂದು ವರ್ಷ ಮುಂಚೆ ಪಾಲಕರಿಗೆ ನೋಟಿಸು ಕೊಡಬೇಕು. ಶಾಲೆ ಸೂಚಿಸಿದ ಅಂಗಡಿಯಲ್ಲಿ ಕೊಳ್ಳುವುದು, ಅದು ಹೇಳಿದ ಟೈಲರ್ ಹತ್ತಿರ ಹೊಲಿಸುವುದು ಪಾಲಕರ ಇಷ್ಟಕ್ಕೆ ಬಿಟ್ಟದ್ದು ಎಂದೂ ಅದೇ ನಿಯಮ ಹೇಳುತ್ತದೆ. 2022ರಲ್ಲಿ ಹಿಜಾಬ್ ವಿವಾದ ರಾಜ್ಯವನ್ನೆಲ್ಲ ಅಲ್ಲಾಡಿಸಿದಾಗ ಇದೇ ನಿಯಮ ಹೈಕೋರ್ಟಿನ ತೀರ್ಪಿನಲ್ಲೂ ಉಲ್ಲೇಖವಾಯಿತು. ಸಮವಸ್ತ್ರ ಗೊತ್ತುಮಾಡುವ ಅಧಿಕಾರ ಯಾರದ್ದು ಎಂಬ ಮೊದಲ ಅರ್ಧದ ಬಗ್ಗೆ ಟಿವಿಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಐದು ವರ್ಷ, ಒಂದು ವರ್ಷ, ಅಂಗಡಿಯ ಆಯ್ಕೆ ಎಂಬ ಎರಡನೆಯ ಅರ್ಧ ಮನೆಯ ಲೆಕ್ಕಕ್ಕೆ ಸೇರಿದ್ದು, ಅದರ ಕಡೆ ತಿರುಗಿ ನೋಡಿದವರು ಕಡಿಮೆ.

ನಿಮ್ಮದು ರಾಜ್ಯ ಪಠ್ಯಕ್ರಮದ ಶಾಲೆ ಎಂದಿದ್ದೀರಿ, ಆದ್ದರಿಂದ ಈ ನಿಯಮ ನೇರವಾಗಿ ಅನ್ವಯಿಸುತ್ತದೆ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಮಾತು ಬೇರೆ. ಅವುಗಳನ್ನು ರಾಜ್ಯದ ಕಾಯ್ದೆಯ ಬಹುಭಾಗದಿಂದ ಹೊರಗಿಟ್ಟಿದ್ದಾರೆ. 2017ರ ಏಪ್ರಿಲ್‌ನಲ್ಲಿ ಸಿಬಿಎಸ್‌ಇ ಮಂಡಳಿ ಇಂಥ ಅಂಗಡಿಯಲ್ಲೇ ಕೊಳ್ಳಿ ಎಂದು ಪಾಲಕರನ್ನು ಒತ್ತಾಯಿಸಬಾರದೆಂದು ಸುತ್ತೋಲೆ ಹೊರಡಿಸಿತ್ತು, ಅದು ಆಮೇಲೆ ಕೋರ್ಟು ಹತ್ತಿತು. ನಿಮ್ಮ ಶಾಲೆಗೆ ಬರೆಯುವಾಗ ಮೊದಲು ಒಂದೇ ಪ್ರಶ್ನೆ ಕೇಳಿ: ಒಂದು ವರ್ಷ ಮುಂಚೆ ಕೊಟ್ಟ ನೋಟಿಸಿನ ಪ್ರತಿ ಎಲ್ಲಿದೆ? ಪತ್ರ ಮುಖ್ಯೋಪಾಧ್ಯಾಯರ ಹೆಸರಿಗಿರಲಿ, ಪ್ರತಿ ಬಿಇಒ ಕಚೇರಿಗೆ ಹೋಗಲಿ. ಅಲ್ಲಿಂದ ಉತ್ತರ ಬಾರದಿದ್ದರೆ ಜಿಲ್ಲೆಯ ಉಪನಿರ್ದೇಶಕರು. ಒಬ್ಬರೇ ಸಹಿ ಹಾಕಬೇಡಿ. ಒಂಟಿ ಪಾಲಕರ ಪತ್ರ ಶಾಲೆಗೆ ಕಿರಿಕಿರಿ, ಇಪ್ಪತ್ತು ಜನರ ಪತ್ರ ಸಭೆಯ ವಿಷಯ. ಮಗುವಿನ ಮೇಲೆ ಅದರ ಸಿಟ್ಟು ತೀರೀತು ಎಂಬ ಅಂಜಿಕೆ ಎಲ್ಲ ಪಾಲಕರಿಗೂ ಇರುತ್ತದೆ. ಜೊತೆಯಲ್ಲಿ ಬರೆದರೆ ಅದಕ್ಕೂ ಒಂದು ಮಟ್ಟಿನ ರಕ್ಷಣೆ.

ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಗೆ ಸೇರಿದ ಮಕ್ಕಳ ಪಾಲಕರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಆ ಮಗುವಿಗೆ ಪಠ್ಯಪುಸ್ತಕ, ಬರೆಯುವ ಸಾಮಗ್ರಿಯ ಜೊತೆ ಸಮವಸ್ತ್ರವೂ ಉಚಿತ. ಫೀಸಿಲ್ಲ ಎಂದು ಸೇರಿಸಿಕೊಂಡು ಬಟ್ಟೆ, ಶೂಗೆ ದೊಡ್ಡ ಮೊತ್ತ ಕೇಳುವುದು ಆ ನಿಯಮಕ್ಕೆ ವಿರುದ್ಧ.

ಸರ್ಕಾರಿ ಶಾಲೆಯ ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಸಮವಸ್ತ್ರ ಕಡ್ಡಾಯ ಮಾಡಿದವರೇ ಅದರ ಖರ್ಚು ಹೊರಬೇಕು ಎಂಬ ತತ್ವ ನಮ್ಮಲ್ಲಿ ಉಳಿದಿರುವುದು ಅಲ್ಲೇ. ಈ ತತ್ವವೇನೂ ಹೊಸದಲ್ಲ. ಇಂಗ್ಲೆಂಡಿನಲ್ಲಿ 1552ರಲ್ಲಿ ಶುರುವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯ ನೀಲಿ ನಿಲುವಂಗಿಯನ್ನು ಶಾಲಾ ಸಮವಸ್ತ್ರಗಳ ಹಿರಿಯಜ್ಜ ಎನ್ನುತ್ತಾರೆ. ಅದನ್ನು ತೊಟ್ಟವರು ಲಂಡನ್ನಿನ ಬಡಮಕ್ಕಳು, ತೊಡಿಸಿದ್ದು ದಾನದ ದುಡ್ಡು. ಶ್ರೀಮಂತರ ಶಾಲೆಗಳು ಅದನ್ನು ಎತ್ತಿಕೊಂಡು ಪಾಲಕರ ಖರ್ಚಿಗೆ ಹಾಕಿದ್ದು ಬಹಳ ಆಮೇಲೆ.

ನಮ್ಮ ವಿದ್ಯಾವಿಕಾಸ ಯೋಜನೆಯಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಸಮವಸ್ತ್ರ ಕೊಡುತ್ತಾರೆ. ಅದರ ಬಟ್ಟೆಯಲ್ಲಿ ಒಂದು ಪಾಲು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರಿಂದ ಬರುತ್ತದೆ. ಮಗ್ಗದ ಮುಂದೆ ಕೂತವರಿಗೆ ಇದು ಕೈ ಬಿಡದ ಕೆಲಸ. ಕೇರಳವೂ 2017ರ ಸುಮಾರಿಗೆ ಇದೇ ದಾರಿ ಹಿಡಿದು ಶಾಲಾ ಮಕ್ಕಳಿಗೆ ಕೈಮಗ್ಗದ ಬಟ್ಟೆ ಕೊಡತೊಡಗಿತು. ತಮಿಳುನಾಡಿನಲ್ಲಿ ಮಧ್ಯಾಹ್ನದ ಊಟ ಮಾಡುವ ಮಕ್ಕಳಿಗೆ ವರ್ಷಕ್ಕೆ ನಾಲ್ಕು ಜೊತೆ, ಅದೂ ಮಹಿಳೆಯರ ಹೊಲಿಗೆ ಸಹಕಾರ ಸಂಘಗಳಲ್ಲಿ ಹೊಲಿಸಿ ಕೊಡುತ್ತಾರೆ. ನಮ್ಮಲ್ಲಿ ಎಷ್ಟೋ ವರ್ಷ ಶಾಲೆಗೆ ಬಂದದ್ದು ಬರೀ ಬಟ್ಟೆಯ ತುಂಡು. ಹೊಲಿಗೆ ಕೂಲಿ ಪಾಲಕರದ್ದು. ಉಚಿತ ಎಂದು ಬರೆದ ಕಟ್ಟಿನೊಳಗೇ ಒಂದು ಬಿಲ್ಲು ಇಟ್ಟುಕೊಟ್ಟಂತಾಯಿತು. ಕೂಲಿಗೆ ಹೋಗುವ ಮನೆಯಲ್ಲಿ ಅದು ಒಂದು ದಿನದ ಸಂಪಾದನೆ, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಎರಡನೇ ಜೊತೆ ಸಮಯಕ್ಕೆ ಬರುತ್ತಿಲ್ಲ ಎಂದು ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯೇ ಹೈಕೋರ್ಟಿಗೆ ಹೋದ. 2019ರಲ್ಲಿ ಕೋರ್ಟು ಸರ್ಕಾರಕ್ಕೆ ಎರಡನೇ ಜೊತೆ ಕೊಡಬೇಕೆಂದು ಹೇಳಿತು. 2022ರಲ್ಲಿ ಶೂ, ಸಾಕ್ಸ್ ಕೊಡುತ್ತಾರೋ ಇಲ್ಲವೋ ಎಂಬ ಅನುಮಾನವೇ ಎದ್ದು, ಜೋರು ಟೀಕೆ ಬಂದ ಮೇಲೆ ಜುಲೈನಲ್ಲಿ ₹132 ಕೋಟಿ ಬಿಡುಗಡೆಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಶಾಲೆ ತೆರೆದು ಒಂದೂವರೆ ತಿಂಗಳಿಗೂ ಹೆಚ್ಚಾಗಿತ್ತು.

ಎರಡನೇ ಜೊತೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಕಚೇರಿಯ ಕಡತದಲ್ಲಿ ಕಾಣುವುದಿಲ್ಲ. ಮಲೆನಾಡಿನ ಜುಲೈ ತಿಂಗಳಲ್ಲಿ ಕಾಣುತ್ತದೆ. ಸಂಜೆ ಐದಕ್ಕೆ ಕೆಸರು ಮೆತ್ತಿದ ಲಂಗ, ಅಂಗಿ ಮನೆಗೆ ಬರುತ್ತವೆ. ಬೆಳಿಗ್ಗೆ ಎಂಟಕ್ಕೆ ಅವೇ ಒಣಗಿ ಮೈಮೇಲಿರಬೇಕು. ಹೊರಗೆ ಹಗ್ಗಕ್ಕೆ ಹಾಕುವ ಹಾಗಿಲ್ಲ. ತಾಯಿ ಒಗೆದು ಹಿಂಡಿ ಬಚ್ಚಲೊಲೆಯ ಮೇಲಿನ ಗಳಕ್ಕೆ ಹರವುತ್ತಾಳೆ, ರಾತ್ರಿ ಒಮ್ಮೆ ಎದ್ದು ಮಗುಚುತ್ತಾಳೆ. ಬೆಳಿಗ್ಗೆ ಕಾಲರು, ಸೊಂಟಪಟ್ಟಿಗಳು ಇನ್ನೂ ಹಸಿ ಹಸಿ, ಉಳಿದದ್ದಕ್ಕೆ ಹೊಗೆಯ ವಾಸನೆ. ಮಳೆಗಾಲದಲ್ಲಿ ಅಂಥ ಶಾಲೆಗಳ ತರಗತಿಯೊಳಗೆ ಕಾಲಿಟ್ಟರೆ ಆ ವಾಸನೆ ಮೂಗಿಗೆ ಬರುತ್ತದೆ. ಒಂದು ಜೊತೆ ಬಟ್ಟೆಯ ಉಳಿತಾಯವನ್ನು ಸರ್ಕಾರ ಮಾಡಿದರೆ ಅದರ ದುಡಿಮೆಯನ್ನು ಒಬ್ಬ ಹೆಂಗಸು ದಿನಾ ಸಂಜೆ ಕಟ್ಟುತ್ತಾಳೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಉಪಯೋಗ. ಸಮವಸ್ತ್ರ ಹಾಕಿದರೆ ಮಕ್ಕಳು ಚೆನ್ನಾಗಿ ಓದುತ್ತಾರೆ, ಶಿಸ್ತು ಬರುತ್ತದೆ ಎಂದು ಶಾಲೆಯವರು ಹೇಳಿದರೆ ಮುಗುಳ್ನಕ್ಕು ಸುಮ್ಮನಿರಿ. ಅಮೆರಿಕದಲ್ಲಿ ಡೇವಿಡ್ ಬ್ರನ್ಸ್‌ಮಾ ಮತ್ತು ಕೆರಿ ರಾಕ್‌ಮೋರ್ ಎಂಬ ಸಮಾಜಶಾಸ್ತ್ರಜ್ಞರು ಹತ್ತನೇ ತರಗತಿಯ ಮಕ್ಕಳ ರಾಷ್ಟ್ರಮಟ್ಟದ ಅಂಕಿಅಂಶ ಹಿಡಿದು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಜರಾತಿಗೂ ನಡವಳಿಕೆಗೂ ಸಮವಸ್ತ್ರದಿಂದ ಆದ ಒಳಿತು ಕಾಣಲಿಲ್ಲ. ಬ್ರಿಟನ್ನಿನಲ್ಲಿ ಇಂಥ ಸಂಶೋಧನೆಗಳನ್ನು ಒಟ್ಟುಮಾಡಿ ತೂಗುವ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಕೂಡ ಸಮವಸ್ತ್ರವೊಂದರಿಂದಲೇ ಕಲಿಕೆ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ ಎನ್ನುತ್ತದೆ. ನಮ್ಮೂರಿನ ಅನುಭವವೂ ಬೇರೆ ಹೇಳುವುದಿಲ್ಲ. ಇಸ್ತ್ರಿ ಹಾಕಿದ ಅಂಗಿಯೊಳಗಿಂದಲೇ ಕಾಗದದ ರಾಕೆಟ್ ಹಾರುತ್ತದೆ.

ಬಡವ ಬಲ್ಲಿದ ಭೇದ ಅಳಿಯುತ್ತದೆ ಎಂಬ ಮಾತನ್ನು ಮಾತ್ರ ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ, ಪೂರ್ತಿ ಒಪ್ಪುವುದೂ ಇಲ್ಲ. ಮಡಿಕೆ ಬಿಚ್ಚಿದ ಲಂಗವನ್ನು ಗಮನಿಸಿದ್ದೀರಾ? ಉಳಿದ ಬಟ್ಟೆ ಬಿಸಿಲಿಗೆ, ಸಾಬೂನಿಗೆ ಬಿಳಿಚಿಕೊಂಡಿರುತ್ತದೆ. ಮಡಿಕೆಯೊಳಗೆ ಅಡಗಿದ್ದ ಪಟ್ಟಿ ಮಾತ್ರ ಹೊಸದರಂತೆ ಕಡು ನೀಲಿ, ಅವೆರಡರ ನಡುವೆ ಇಸ್ತ್ರಿಗೂ ಹೋಗದ ಒಂದು ಗೆರೆ. ಇದು ಅಕ್ಕನ ಲಂಗವೋ ಸ್ವಂತದ್ದೋ, ಎಷ್ಟನೇ ವರ್ಷದ್ದು ಎಂದು ಆ ಗೆರೆ ನೋಡಿಯೇ ಪಕ್ಕದ ಬೆಂಚಿನವರು ಹೇಳಬಲ್ಲರು. ಕಾಲರಿನ ಒಳಗಡೆ ಸವೆದದ್ದು, ಶೂವಿನ ಮೂತಿ ಬಿರಿದದ್ದು, ಸಾಕ್ಸಿನ ಎಲಾಸ್ಟಿಕ್ಕಿನ ಬದಲು ರಬ್ಬರ್ ಬ್ಯಾಂಡ್ ಹಾಕಿದ್ದು ಯಾವುದೂ ಮಕ್ಕಳ ಕಣ್ಣು ತಪ್ಪುವುದಿಲ್ಲ. ಭೇದ ಅಳಿಯುವುದಿಲ್ಲ, ಅದರ ದನಿ ತಗ್ಗುತ್ತದೆ. ಬ್ರ್ಯಾಂಡಿನ ಜೀನ್ಸಿಗೂ ಸಂತೆಯ ಪ್ಯಾಂಟಿಗೂ ಇರುವ ಅಂತರ ದೊಡ್ಡದು, ಹೊಸ ನೀಲಿಗೂ ಹಳೆ ನೀಲಿಗೂ ಇರುವುದು ಚಿಕ್ಕದು. ಆ ಮಟ್ಟಿಗೆ ಲಾಭವೇ. ಶಾಲೆಯವರು ಚೆಕ್ಸು, ಬ್ಲೇಜರು, ವಾರಕ್ಕೆ ಮೂರು ಬಗೆ ಎಂದು ಏರಿಸುತ್ತ ಹೋದಷ್ಟೂ ಈ ಲಾಭ ಕರಗುತ್ತದೆ. ಕೊಳ್ಳಲಾರದ ಮನೆಯ ಮಗು ಬುಧವಾರ ಹಳೆ ಟೀ-ಶರ್ಟಿನಲ್ಲಿ ಸಾಲಿನ ಹೊರಗೆ ನಿಂತಾಗ ಸಮವಸ್ತ್ರವೇ ಭೇದವನ್ನು ಎತ್ತಿ ತೋರಿಸುತ್ತಿರುತ್ತದೆ.

ಇನ್ನೂ ಒಂದು ಉಪಯೋಗವಿದೆ, ಶಾಲೆಯ ಮಾಹಿತಿ ಪುಸ್ತಕದಲ್ಲಿ ಇರುವುದಿಲ್ಲ. ಹಳ್ಳಿಯ ಮದುವೆಮನೆಯ ಪಂಕ್ತಿಯಲ್ಲಿ ಶಾಲೆಯ ಬಟ್ಟೆಯಲ್ಲೇ ಕೂತ ಮಕ್ಕಳನ್ನು ಎಲ್ಲರೂ ನೋಡಿರುತ್ತೇವೆ. ಮನೆಯಲ್ಲಿರುವುದರಲ್ಲಿ ಅದೇ ಚೊಕ್ಕದು, ಅದಕ್ಕೇ ಹಾಕಿದ್ದಾರೆ. ಜಾತ್ರೆಗೂ ಅದೇ, ಆಸ್ಪತ್ರೆಗೂ ಅದೇ. ಬಸ್ಸಿನಲ್ಲಿ ಪಾಸು ಮರೆತ ಮಗುವಿಗೆ ಅಂಗಿಯ ಬಣ್ಣ ನೋಡಿ ಕಂಡಕ್ಟರು ಹತ್ತು ಅನ್ನುವುದೂ ಉಂಟು, ಬೆಳಿಗ್ಗೆ ಹನ್ನೊಂದಕ್ಕೆ ಸಂತೆಬೀದಿಯಲ್ಲಿ ಕಂಡರೆ ಯಾವ ಶಾಲೆಯವನೋ ನೀನು ಎಂದು ಯಾರಾದರೂ ಗದರುವುದೂ ಉಂಟು. ಬಡ ಕುಟುಂಬಕ್ಕೆ ವರ್ಷಕ್ಕೆರಡು ಜೊತೆ ಗಟ್ಟಿ ಬಟ್ಟೆ ಕೈಗೆ ಬರುವುದು ಸಣ್ಣ ಸಂಗತಿಯಲ್ಲ. ಅಂಕ ಏರಿತೋ ಇಲ್ಲವೋ ಎಂದು ಅಳೆಯುವ ಅಧ್ಯಯನಗಳ ತಕ್ಕಡಿಗೆ ಇದು ಬೀಳುವುದಿಲ್ಲ.

ಮೊತ್ತದಷ್ಟೇ ನೋವು ಕೊಡುವುದು ಅದು ಬರುವ ತಿಂಗಳು. ಮೇ ಕೊನೆ, ಜೂನ್ ಮೊದಲು. ನಿಮ್ಮ ಜಿಲ್ಲೆಯ ರೈತರ ಮನೆಯಲ್ಲಿ ಆ ಹೊತ್ತಿಗೆ ಮೆಕ್ಕೆಜೋಳದ ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರಿನ ಖರ್ಚು ಒಟ್ಟಿಗೆ ಬಂದು ನಿಂತಿರುತ್ತವೆ. ಕೈಯಲ್ಲಿ ಕಾಸಿಲ್ಲದ ಕಾಲ ಅದು, ಬೆಳೆ ಬರುವುದು ಅಕ್ಟೋಬರಿಗೆ. ಸ್ವಸಹಾಯ ಸಂಘದ ಸಾಲವನ್ನೋ ಚೀಟಿ ಎತ್ತಿದ ದುಡ್ಡನ್ನೋ ತಂದು ಬಟ್ಟೆ ಕೊಂಡರೆ ಅಂಗಿಯ ಬೆಲೆಗೆ ಬಡ್ಡಿಯೂ ಸೇರುತ್ತದೆ. ಸಂಬಳದವರಿಗೂ ಜೂನ್ ಬೇರೆಯಲ್ಲ. ಫೀಸು, ಪುಸ್ತಕ, ವ್ಯಾನು, ಬಟ್ಟೆ ನಾಲ್ಕೂ ಒಂದೇ ವಾರ. ಸಮವಸ್ತ್ರಕ್ಕೆ ಆಗಸ್ಟ್ ಹದಿನೈದರವರೆಗೆ ಸಮಯ ಕೊಡುತ್ತೇವೆ, ಅಲ್ಲಿಯವರೆಗೆ ಹಳೆಯದೇ ಇರಲಿ ಎಂದು ಶಾಲೆ ಒಂದು ಸಾಲು ಬರೆದರೆ ಅದಕ್ಕೆ ಖರ್ಚೇನೂ ಆಗುವುದಿಲ್ಲ.

ಇದನ್ನೆಲ್ಲ ಸರಿಮಾಡಲು ಸಾಧ್ಯವೆ ಎಂದರೆ ಸಾಧ್ಯ. ಇಂಗ್ಲೆಂಡಿನಲ್ಲಿ 2012ರಲ್ಲಿ ಅಲ್ಲಿನ ವ್ಯಾಪಾರ ನಿಗಾ ಸಂಸ್ಥೆ ನೋಡಿದಾಗ ಸುಮಾರು ಮುಕ್ಕಾಲು ಪಾಲು ಸರ್ಕಾರಿ ನೆರವಿನ ಶಾಲೆಗಳು ಸಮವಸ್ತ್ರ ಎಲ್ಲಿ ಕೊಳ್ಳಬೇಕೆಂದು ಪಾಲಕರನ್ನು ಒಂದಲ್ಲ ಒಂದು ರೀತಿ ಕಟ್ಟಿಹಾಕಿದ್ದವು. 2021ರಲ್ಲಿ ಅಲ್ಲಿ ಸಮವಸ್ತ್ರದ ಖರ್ಚಿಗೆಂದೇ ಒಂದು ಕಾಯ್ದೆ ಬಂತು. ಲೋಗೋ ಇರುವ ಬಟ್ಟೆ ಆದಷ್ಟು ಕಡಿಮೆ ಇರಲಿ, ಒಬ್ಬನೇ ಮಾರಾಟಗಾರನ ಜೊತೆ ಒಪ್ಪಂದ ಬೇಡ, ಮಾಡಿಕೊಂಡರೂ ಕಾಲಕಾಲಕ್ಕೆ ಟೆಂಡರ್ ಕರೆಯಿರಿ, ಒಮ್ಮೆ ಬಳಸಿದ ಬಟ್ಟೆ ಪಾಲಕರಿಗೆ ಸಿಗುವಂತೆ ನೋಡಿಕೊಳ್ಳಿ ಎಂದು ಅದರಡಿಯ ಮಾರ್ಗಸೂಚಿ ಹೇಳುತ್ತದೆ. ಕೊನೆಯದಕ್ಕಂತೂ ನಮಗೆ ಕಾಯ್ದೆಯೂ ಬೇಕಿಲ್ಲ. ಅಣ್ಣನ ಬಟ್ಟೆ ತಮ್ಮನಿಗೆ, ಅವನದ್ದು ಚಿಕ್ಕಪ್ಪನ ಮಗನಿಗೆ ಎಂದು ದಾಟಿಸುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಬಣ್ಣ ಬದಲಾಯಿಸಲೇಬೇಕಿದ್ದರೆ ಒಂದನೇ ತರಗತಿಗೆ ಹೊಸದಾಗಿ ಸೇರುವವರಿಂದ ಶುರುಮಾಡಿ, ಉಳಿದವರು ಇರುವುದನ್ನು ಹರಿಯುವವರೆಗೂ ಹಾಕಲಿ ಎನ್ನಬಹುದು. ಕೆಲವು ವರ್ಷ ಪ್ರಾರ್ಥನೆಯ ಸಾಲಿನಲ್ಲಿ ಎರಡು ಬಣ್ಣ ಕಾಣುತ್ತದೆ. ಕಾಣಲಿ ಬಿಡಿ. ಪಾಲಕರ ಸಭೆಯಲ್ಲಿ ನೀವು ಈ ಎರಡನ್ನೇ ಕೇಳಿ: ಹಳೆಯದಕ್ಕೆ ಈ ವರ್ಷ ಅನುಮತಿ, ಲೋಗೋಗೆ ಬಿಡಿ ಬ್ಯಾಡ್ಜ್. ಸಮವಸ್ತ್ರವೇ ಬೇಡ ಎಂದು ಶುರುಮಾಡಿದರೆ ಅರ್ಧ ಪಾಲಕರು ನಿಮ್ಮನ್ನು ಬಿಟ್ಟು ಶಾಲೆಯ ಕಡೆ ಸೇರಿಕೊಳ್ಳುತ್ತಾರೆ.

ಕೊನೆಗೆ ಎಷ್ಟು ಜೊತೆ ಎಂಬುದು. ಜೊತೆ ಲೆಕ್ಕದಲ್ಲಿ ಕೊಳ್ಳಬೇಡಿ. ದಿನಾ ಕೊಳೆಯಾಗುವುದು ಅಂಗಿ, ಪ್ಯಾಂಟು ಎರಡು ದಿನ ತಾಳುತ್ತದೆ. ಮೂರು ಅಂಗಿ, ಎರಡು ಪ್ಯಾಂಟು ಸಾಕು. ಐದನೇ ತರಗತಿಯವನ ಚಡ್ಡಿಯ ಹಿಂಭಾಗ ಬೇಗ ಸವೆಯುತ್ತದೆ, ಹೊಸದಿರುವಾಗಲೇ ಒಳಗಡೆಯಿಂದ ಅದೇ ಬಣ್ಣದ ತುಂಡೊಂದನ್ನು ಕೊಟ್ಟು ಹೊಲಿಸಿಬಿಡಿ. ದೊಡ್ಡವನು ಎತ್ತರ ಬೆಳೆಯುವ ವಯಸ್ಸಿನವನು, ಮೂರನ್ನೂ ಈಗಲೇ ಕೊಂಡರೆ ಜನವರಿಗೆ ಮೂರೂ ಗಿಡ್ಡ. ಈಗ ಎರಡು ಅಂಗಿ ತನ್ನಿ, ಮೂರನೆಯದನ್ನು ದಸರಾ ರಜೆಯಲ್ಲಿ ತನ್ನಿ. ಶೂ ಎರಡು ಸೈಜು ದೊಡ್ಡದು ತಂದು ಹತ್ತಿ ತುರುಕುವ ಉಪಾಯ ಬೇಡ, ಹುಡುಗ ಎಡವುತ್ತಾನೆ, ಶೂವೂ ಬೇಗ ಹಾಳಾಗುತ್ತದೆ. ಬೆರಳ ತುದಿಗೆ ಅರ್ಧ ಇಂಚು ಜಾಗ ಸಾಕು. ಮೇ ಕೊನೆಯ ನೂಕುನುಗ್ಗಲಿನಲ್ಲಿ ಅಂಗಡಿಯವನಿಗೆ ಅಳತೆ ನೋಡುವಷ್ಟು ವ್ಯವಧಾನ ಇರುವುದಿಲ್ಲ, ವಯಸ್ಸು ಕೇಳಿ ಪೊಟ್ಟಣ ಕಟ್ಟುತ್ತಾನೆ. ಅಕ್ಟೋಬರಿನಲ್ಲಿ ಹೋದರೆ ಹುಡುಗನಿಗೆ ಹಾಕಿಸಿ, ತೋಳೆತ್ತಿಸಿ ನೋಡಿ ತರಬಹುದು. ಬೆಲೆಯಲ್ಲೂ ಒಂದಿಷ್ಟು ಚೌಕಾಸಿ ಮಾಡಬಹುದು.